ಬಿಟ್ಟಿಯೋ ಸೇವೆಯೋ

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಚರ್ಚಾಸ್ಪರ್ಧೆ ನಡೆಯುತ್ತದೆ. ವಿಷಯ ಹುಡುಕಿಕೊಡುವ ಕೆಲಸ ಕನ್ನಡದ ಅಧ್ಯಾಪಕನಾದ ನನ್ನ ಕೊರಳಿಗೆ ಬಿದ್ದಿದೆ. ಎಂ.ಎ. ಮಾಡಿದ್ದಕ್ಕೆ ಇಷ್ಟಾದರೂ ಪ್ರಯೋಜನವಾಗಲಿ ಎಂದು ಸಹೋದ್ಯೋಗಿಗಳ ಅಭಿಪ್ರಾಯ. ಈ ಸಲ ನಾನು ಬರೆದುಕೊಟ್ಟ ವಿಷಯ: 'ತರುಣರಿಗೆ ರಾಷ್ಟ್ರಸೇವೆ ಕಡ್ಡಾಯವಾಗಬೇಕು.' ಸೈನ್ಯ ಬೇಡವೆನ್ನುವವರಿಗೆ ಆಸ್ಪತ್ರೆ, ಶಾಲೆ, ಕೆರೆಕಟ್ಟೆಗಳ ಕೆಲಸವಿರಲಿ ಎಂದು ಕೆಳಗೊಂದು ಟಿಪ್ಪಣಿಯನ್ನೂ ಸೇರಿಸಿದೆ. ಮನಸ್ಸಿನಲ್ಲಿ ನಾನು ಆಗಲೇ 'ಬೇಕು' ಎನ್ನುವವರ ಕಡೆ ಸೇರಿಬಿಟ್ಟಿದ್ದೆ. ಮೊಬೈಲಿನಲ್ಲಿ ಮುಖ ಹುದುಗಿಸಿ ಕುಳಿತ ಹುಡುಗರನ್ನು ದಿನವೂ ನೋಡುವ, ನಲವತ್ತು ದಾಟಿದ ನನ್ನಂಥವರಿಗೆ ಇವರ ಕೈಗೆ ಒಂದು ವರ್ಷ ಗುದ್ದಲಿ ಕೊಡಬೇಕು ಎನ್ನಿಸುವುದು ಸಹಜ. ಕಾನೂನು ಬಂದರೂ ಗುದ್ದಲಿ ನಮ್ಮ ಕೈಗೆ ಬರುವುದಿಲ್ಲವಷ್ಟೆ!

ಈ ಆಸೆ ಹೊಸದೇನಲ್ಲ. 1959ರಲ್ಲಿ ನೇಮಕವಾದ ಸಿ. ಡಿ. ದೇಶಮುಖರ ಸಮಿತಿ, ಹೈಸ್ಕೂಲು ಮುಗಿಸಿ ಕಾಲೇಜು ಸೇರಬಯಸುವವರೆಲ್ಲ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರಸೇವೆ ಮಾಡಲೇಬೇಕು ಎಂದು ಸಲಹೆ ಮಾಡಿತ್ತು. 1962ರ ಚೀನಾ ಯುದ್ಧದ ಬಳಿಕ ಕಾಲೇಜುಗಳಲ್ಲಿ ಎನ್.ಸಿ.ಸಿ. ಕಡ್ಡಾಯವಾಯಿತು, ಕೆಲವೇ ವರ್ಷಗಳಲ್ಲಿ ಆ ಕಡ್ಡಾಯ ಹೋಯಿತು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ಮೂವತ್ತೇಳು ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಇದು ಇಷ್ಟವಿದ್ದವರಿಗೆ. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಏಳು ದಿನದ ಶಿಬಿರ, ಕೊನೆಗೊಂದು ಪ್ರಮಾಣಪತ್ರ. ನಮ್ಮಲ್ಲಿ ಅದರ ಅಧಿಕಾರಿಯೂ ನಾನೇ.

ಹೋದ ಚಳಿಗಾಲ ನಮ್ಮ ಶಿಬಿರ ಕೆಂಭಾವಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನಡೆಯಿತು. ಮೊದಲ ದಿನ ಹುಡುಗರು ಹಳೆಯ ಬಾವಿಯ ಸುತ್ತಲಿನ ಜಾಲಿಕಂಟಿ ಕಡಿಯುತ್ತಿದ್ದರು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೊಬ್ಬ, ತೊಂಬತ್ತರ ಹತ್ತಿರದವನು, ನನ್ನನ್ನು ಕರೆದ.

"ಏನ್ರಿ ಮಾಸ್ತರ, ಹುಡುಗರನ್ನ ಬಿಟ್ಟಿಗಿ ಹಚ್ಚೀರೇನು?"

"ಬಿಟ್ಟಿ ಅಲ್ಲ ಮುತ್ಯಾ, ಸೇವಾ."

"ಪಗಾರ ಕೊಡ್ತೀರೇನು?"

"ಇಲ್ಲ."

"ಮತ್ತ ಬಿಟ್ಟಿನೇ ಆತಲ್ರಿ!"

ನಾನು ನಕ್ಕೆ. ಅವನು ನಗಲಿಲ್ಲ. ನಿಜಾಮನ ಕಾಲದಲ್ಲಿ ಅವನ ಅಪ್ಪ ಬಿಟ್ಟಿ ಮಾಡಿದ್ದನಂತೆ. ಸಾಹೇಬರು ಊರಿಗೆ ಬಂದರೆ ಅವರ ಗಂಟುಮೂಟೆ ಮುಂದಿನ ಊರಿಗೆ ಹೊರಬೇಕು. ಕುದುರೆಗೆ ಹುಲ್ಲು, ಒಲೆಗೆ ಕಟ್ಟಿಗೆ ತಂದು ಹಾಕಬೇಕು. ಸ್ವಂತ ಹೊಲದಲ್ಲಿ ಜೋಳ ಉದುರುತ್ತಿದ್ದರೂ ಸರಿ, ಕರೆ ಬಂದರೆ ಹೋಗಲೇಬೇಕು. "ಕರೀ ಎಲ್ಲಾರ ಮನೀಗಿ ಬರ್ತಿದ್ದಿಲ್ರಿ. ನಮ್ಮ ಓಣಿಗಷ್ಟ ಬರ್ತಿತ್ತು" ಎಂದ. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿದಾಗ ಅವನು ಚಿಕ್ಕ ಹುಡುಗ. ಆಗ ಏನಾಯಿತೆಂದು ಕೇಳಿದ್ದಕ್ಕೆ, ಅಪ್ಪ ಆ ವರ್ಷದ ರಾಶಿಯನ್ನು ವೇಳೆಗೆ ಸರಿಯಾಗಿ ಮಾಡಿದನೆಂದಷ್ಟೇ ಹೇಳಿದ.

ಆ ರಾತ್ರಿ ನಿದ್ದೆ ಬರದೆ ಫೋನಿನಲ್ಲಿ ಸಂವಿಧಾನವನ್ನು ತೆರೆದೆ. (ಹುಡುಗರಿಗೆ ಬಯ್ಯುವ ಅದೇ ಮೊಬೈಲು.) ಇಪ್ಪತ್ಮೂರನೆಯ ಅನುಚ್ಛೇದ. ಮೊದಲ ಭಾಗ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಇಂಗ್ಲಿಷಿನ ಮೂಲದಲ್ಲಿಯೇ 'ಬೇಗಾರ' ಎಂಬ ನಮ್ಮ ಪದ ಹಾಗೆಯೇ ಕುಳಿತಿದೆ, ಅದಕ್ಕೆ ಸಮನಾದ ಮಾತು ಆ ಭಾಷೆಯಲ್ಲಿ ಸಿಕ್ಕಲಿಲ್ಲವೋ ಏನೋ. ಎರಡನೆಯ ಭಾಗ ಸಾರ್ವಜನಿಕ ಉದ್ದೇಶಕ್ಕಾಗಿ ಸರಕಾರ ಕಡ್ಡಾಯ ಸೇವೆ ವಿಧಿಸಬಹುದು ಎನ್ನುತ್ತದೆ. ಆದರೆ ಧರ್ಮ, ಜನಾಂಗ, ಜಾತಿ, ವರ್ಗಗಳ ಕಾರಣದಿಂದ ಭೇದ ಮಾಡಕೂಡದು. ಮುತ್ಯಾ ಕಟ್ಟೆಯ ಮೇಲೆ ಕುಳಿತು ಹೇಳಿದ್ದೂ ಇದನ್ನೇ.

ಅಂಥ ಕಡ್ಡಾಯ ನಮ್ಮ ರಾಜ್ಯದಲ್ಲಿಯೇ ಒಂದು ಬಂತು. ವೈದ್ಯ ಪದವೀಧರರು ಒಂದು ವರ್ಷ ಸರಕಾರದ ಸೇವೆ ಮಾಡಬೇಕೆಂದು ಕಾಯಿದೆಯಾಯಿತು. ಕೋರ್ಟಿನ ಮೆಟ್ಟಿಲೇರಿ, ಆಮೇಲೆ ತಿದ್ದುಪಡಿಯನ್ನೂ ಕಂಡಿತು. ಅದನ್ನು ನಾನು ಹಗುರವಾಗಿ ಹಳಿಯಲಾರೆ. ನಮ್ಮ ತಾಯಿಗೆ ಚೇಳು ಕಡಿದ ರಾತ್ರಿ ಆಸ್ಪತ್ರೆಯಲ್ಲಿ ಎದ್ದು ಬಂದವಳು ಹಾಗೆ ಬಂದಿದ್ದ ಎಳೆಯ ಡಾಕ್ಟರಮ್ಮ. ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿದ ದಿನಗಳಿಗೆಲ್ಲ ಕಾಟು ಹಾಕಿಕೊಂಡಿದ್ದಳು. ಹಾಕಿಕೊಳ್ಳಲಿ, ಬೆಳಗಿನವರೆಗೆ ಮಂಚದ ಪಕ್ಕದಿಂದ ಏಳಲಿಲ್ಲ. ಇಷ್ಟಪಟ್ಟು ಬರುವವರಿಗಾಗಿ ಕಾದಿದ್ದರೆ ಆ ಕುರ್ಚಿ ಖಾಲಿಯಿರುತ್ತಿತ್ತು.

ಈಗ ನನ್ನ ತಪ್ಪಿನ ಮಾತು. ಶಿಬಿರದಲ್ಲಿ ಯಾರಿಗೆ ಯಾವ ಕೆಲಸ ಎಂಬ ಪಟ್ಟಿ ಬರೆಯುವವನು ನಾನು. ಯಾರಿಗೂ ಒತ್ತಾಯವಿಲ್ಲ, ಬೇಕಾದ ಕೆಲಸಕ್ಕೆ ಹೆಸರು ಹೇಳಿ ಎಂದಿದ್ದೆ. ಗುಡಿಯ ಅಂಗಳ ಗುಡಿಸಲು ಹದಿನಾರು ಕೈ ಎದ್ದವು. ಗಟಾರದ ರಾಡಿ ಎತ್ತುವ ಕೆಲಸಕ್ಕೆ ಮೊದಲು ಯಾರೂ ಏಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಆರು ಕೈ. ಮರುದಿನವೂ ಅವೇ ಆರು. ಮೂರನೆಯ ದಿನ ಸಂಜೆ ವರದಿ ಬರೆಯಲು ಪಟ್ಟಿಗಳನ್ನು ಒಟ್ಟಿಗೆ ಇಟ್ಟುಕೊಂಡಾಗ ನನಗೆ ಕಣ್ಣು ಬಂತು. ಆರು ಹುಡುಗರೂ ಯಾವ ಓಣಿಯವರೆಂದು ನಾನು ಹೇಳಬೇಕಾಗಿಲ್ಲ. ಅವರಲ್ಲಿ ಒಬ್ಬ ರಜೆಯಲ್ಲಿ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಮೇಲೆ ಸಿಮೆಂಟು ಹೊತ್ತು, ಆ ದುಡ್ಡಿನಿಂದ ಫೀಜು ಕಟ್ಟುವವನು. ಅವನನ್ನು ಕರೆದು ಕೇಳಿದೆ.

"ಯಾಕಪ್ಪಾ, ದಿನಾ ನೀನೇ ಯಾಕ?"

"ನಾವು ಏಳಲಿಲ್ಲಂದ್ರ ನೀವು ಹೆಂಗೂ ನಮ್ಮ ಕಡೀನೇ ನೋಡ್ತಿದ್ರಿ ಸರ."

ನೋಡುತ್ತಿದ್ದೆನೇ? ಆ ಪ್ರಶ್ನೆಯನ್ನು ಅಂದಿನಿಂದ ಹೊತ್ತುಕೊಂಡಿದ್ದೇನೆ. ಇದೇ ಕೆಂಭಾವಿಯ ಶರಣ ಭೋಗಣ್ಣ, ಊರು ಹೊಲೆಯನೆಂದು ದೂರವಿಟ್ಟವನನ್ನು ಮನೆಯೊಳಗೆ ಕರೆದದ್ದಕ್ಕೆ ಗಡೀಪಾರಾದ, ಊರಿನ ಲಿಂಗಗಳೆಲ್ಲ ಅವನ ಬೆನ್ನುಹತ್ತಿ ಹೊರಟವು ಎಂಬ ಕತೆಯನ್ನು ವರ್ಷ ವರ್ಷ ತರಗತಿಯಲ್ಲಿ ಹೇಳುವವನು ನಾನು. ಹೇಳುವಾಗ ಗಂಟಲೂ ಕಟ್ಟುತ್ತದೆ.

ನಾಲ್ಕನೆಯ ದಿನ 'ಬೇಕಾದ ಕೆಲಸ'ವನ್ನು ರದ್ದುಮಾಡಿದೆ. ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ತಂಬಿಗೆಯಲ್ಲಿ ಹಾಕಿದೆ. ಬಂದವರು ಮಾಡಲೇಬೇಕು. ಇಬ್ಬರು ಹೊಟ್ಟೆನೋವೆಂದರು, ಒಬ್ಬ ತನ್ನ ಮನೆಯಿಂದ ಫೋನು ಮಾಡಿಸಿದ. ಬಿಡಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಗಟಾರದಲ್ಲಿ ಆ ಮೊದಲಿನ ಆರರಲ್ಲಿ ಒಬ್ಬನೇ ಇದ್ದ. ಮಾತು ಕಡಿಮೆಯಿತ್ತು, ಬೈಗುಳು ಹೆಚ್ಚಾಗಿತ್ತು, ರಾಡಿ ಮಾತ್ರ ಹಿಂದಿಗಿಂತ ಬೇಗ ಹೋಯಿತು. ಕಡ್ಡಾಯ ಮಾಡದೆ ಇದು ಆಗುತ್ತಿರಲಿಲ್ಲ ಎಂಬುದಂತೂ ಖಂಡಿತ. ಹಾಗಾದರೆ ಚರ್ಚಾಸ್ಪರ್ಧೆಯ ವಿಷಯಕ್ಕೆ ನನ್ನ ಉತ್ತರ 'ಹೌದು' ಎಂದಾಯಿತೆ? ಇನ್ನೇನು ಹಾಗೆಂದುಕೊಳ್ಳುವವನಿದ್ದೆ. ಮುತ್ಯಾ ಕೋಲೂರಿಕೊಂಡು ಬಂದು ತಂಬಿಗೆಯೊಳಗೆ ಇಣುಕಿದ.

"ಎಲ್ಲಾರ ಹೆಸರೂ ಅದಾವೇನ್ರಿ ಇದ್ರಾಗ?"

"ಎಲ್ಲಾರದೂ ಅದಾವ, ಮುತ್ಯಾ."

"ನಿಮ್ದು?"

ನಾನು ಹಾಕಿರಲಿಲ್ಲ. ಹಾಕಬೇಕೆಂದು ಹೊಳೆದೂ ಇರಲಿಲ್ಲ. ಅಲ್ಲಿಯೇ ಒಂದು ಚೀಟಿ ಹರಿದು ನನ್ನ ಹೆಸರು ಬರೆದು ತಂಬಿಗೆಗೆ ಹಾಕಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಉಳಿದ ಮೂರು ದಿನವೂ ಬೆಳಿಗ್ಗೆ ಚೀಟಿ ಎತ್ತಿದೆವು. ನನ್ನ ಹೆಸರು ಬರಲೇ ಇಲ್ಲ. ಪ್ರತಿ ಸಲವೂ ನನಗೆ ಹಗುರವೆನ್ನಿಸಿತು.