ಎದುರು ಮನೆಯ ಪಿ.ಜಿ.

ಬೆಂಗಳೂರಿನ ನಮ್ಮ ಬೀದಿಯಲ್ಲಿ, ಎದುರು ಮನೆಯನ್ನು ಕೊಂಡವರು ಪರವಾನಗಿಯಿಲ್ಲದೆ ಪಿ.ಜಿ. ತೆರೆಯುತ್ತಿರುವರೆಂಬ ಸುದ್ದಿ ಕಳೆದ ತಿಂಗಳು ಹಬ್ಬಿತು. ನೆರೆಯವರು ದೂರಿನ ಅರ್ಜಿ ಹಿಡಿದು ಬಂದರು. "ಮೇಷ್ಟ್ರೇ, ಸ್ವಲ್ಪ ತಿದ್ದಿಕೊಡಿ. ಎಲ್ಲಿಂದಲೋ ಬರುವ ಹುಡುಗರು; ನಮ್ಮ ನೀರಿಗೂ ನೆಮ್ಮದಿಗೂ ಸಂಚಕಾರ" ಎಂದರು.

ಲೇಖನಿ ಹಿಡಿದೊಡನೆ ಮೈಸೂರಿನ ನನ್ನ ವಾರಾನ್ನದ ದಿನಗಳು ನೆನಪಾದವು. ಏಳು ದಿನಕ್ಕೆ ಏಳು ಮನೆ. ನಾನೂ ಎಲ್ಲಿಂದಲೋ ಬಂದ ಹುಡುಗನೇ. ಅಂದು ಆ ತಾಯಂದಿರು ಬಾಗಿಲು ಮುಚ್ಚಿದ್ದರೆ ನಾನು ಮೇಷ್ಟ್ರಾಗುತ್ತಿರಲಿಲ್ಲ. ನೀವು ನನ್ನ ವಿದ್ಯಾರ್ಥಿಗಳಾಗುತ್ತಿರಲಿಲ್ಲ.

ಹಾಗೆಂದು ನೆರೆಯವರ ಆತಂಕ ಸುಳ್ಳಲ್ಲ. ಪಿ.ಜಿ.ಯಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ 70 ಚದರ ಅಡಿ ಸ್ಥಳ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ಅಂದಿನ ಮಹಾನಗರ ಪಾಲಿಕೆಯು 2024ರಲ್ಲಿಯೇ ಮಾರ್ಗಸೂಚಿ ಹೊರಡಿಸಿತ್ತು. ಪರವಾನಗಿ ತಪ್ಪಿಸುವವರು ತಪ್ಪಿಸುವುದು ಇದನ್ನೇ. ಆಗ ಮೊದಲು ನರಳುವವರು ನಾವಲ್ಲ. ಇಕ್ಕಟ್ಟಾದ ಕೋಣೆಯಲ್ಲಿ ಮಂಚಕ್ಕೆ ಮಂಚ ತಾಗಿಸಿ ಮಲಗುವ ಆ ಮಕ್ಕಳು.

"ಇಂತಹ ಹುಡುಗರು ನಮ್ಮ ಬೀದಿಗೆ ಬೇಡ" ಎಂಬ ಸಾಲನ್ನು ಹೊಡೆದುಹಾಕಿ, "ಪರವಾನಗಿ ಪಡೆದು, ನಿಯಮದಂತೆ ನಡೆಸಲಿ" ಎಂದು ಬರೆದೆನು. ಇಬ್ಬರು ಮುನಿಸಿಕೊಂಡು ಸಹಿ ಹಾಕದೆ ಹೊರಟುಹೋದರು. ಅವರಲ್ಲೊಬ್ಬರು ಮೂವತ್ತು ವರ್ಷಗಳ ಸ್ನೇಹಿತರು. ಈಗ ಬೆಳಗಿನ ವಾಯುವಿಹಾರಕ್ಕೆ ನಾನೊಬ್ಬನೇ ಹೋಗುತ್ತೇನೆ.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ನಿನ್ನೆ ಎದುರು ಮನೆಗೆ ಕಬ್ಬಿಣದ ಮಂಚಗಳು ಬಂದಿಳಿದವು. ನಿಮ್ಮಲ್ಲಿ ಹಲವರ ಮಕ್ಕಳೂ ಪರಊರಿನ ಪಿ.ಜಿ.ಗಳಲ್ಲಿರಬಹುದು. ಒಮ್ಮೆ ಹೋಗಿ ಅವರ ಕೋಣೆಯನ್ನು ನೋಡಿ ಬನ್ನಿ.