ಐದು ಹೊಳೆಗಳ ದಡದ ಗುರು

ಉಡುಪಿಯಿಂದ ಉತ್ತರಕ್ಕೆ ಹೊರಟ ಬಸ್ಸು ಬ್ರಹ್ಮಾವರ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂಭಾಶಿಗಳನ್ನು ಹಿಂದೆ ಹಾಕಿ ಕೋಟೇಶ್ವರ ತಲುಪುವಷ್ಟರಲ್ಲಿ ಕಂಡಕ್ಟರನ ಬಾಯಲ್ಲಿ ಕುಂದಾಪುರ ಆಗಲೇ ‘ಕುಂದಾಪ್ರ’ ಆಗಿರುತ್ತದೆ. ಇನ್ನು ಉಳಿದಿರುವುದು ಐದು ಕಿಲೋಮೀಟರ್ ಮಾತ್ರ. ಹೆದ್ದಾರಿ ಈಗ ಅಗಲವಾಗಿದೆ. ವಾಹನಗಳು ಊರನ್ನು ನೋಡದೆಯೇ ಓಡಿಹೋಗುತ್ತವೆ. ಆದರೆ ಇಳಿದು ಒಳಗೆ ನಡೆದವರಿಗೆ ಕೋಟಿಲಿಂಗೇಶ್ವರನ ದೇವಾಲಯ, ಅದರ ರಥಬೀದಿ, ಎಕರೆಗಟ್ಟಲೆ ಹರಡಿಕೊಂಡ ಕೋಟಿತೀರ್ಥದ ಕೆರೆ ಇವೆಲ್ಲ ಮೊದಲಿನಂತೆಯೇ ಕಾಣಸಿಗುತ್ತವೆ.

ಪರಶುರಾಮ ಸೃಷ್ಟಿಯ ಏಳು ಮುಕ್ತಿಕ್ಷೇತ್ರಗಳಲ್ಲಿ ಕೋಟೇಶ್ವರವೂ ಒಂದು. ವೃಶ್ಚಿಕ ಮಾಸದಲ್ಲಿ ನಡೆಯುವ ಇಲ್ಲಿನ ತೇರಿಗೆ ‘ಕೊಡಿ ಹಬ್ಬ’ ಎಂದು ಹೆಸರು. ಹೊಸದಾಗಿ ಮದುವೆಯಾದವರು ಕೆರೆಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುತ್ತಾರೆ. ಕೆರೆಯ ಸುತ್ತ ಅಕ್ಕಿ ಚೆಲ್ಲುತ್ತಾ ಸಾಗುವ ‘ಸುತ್ತಕ್ಕಿ’ ಸೇವೆಯೂ ಇದೆ. ಕೊಡಿ ಎಂದರೆ ಚಿಗುರು, ತುದಿ. ಸಂಸಾರ ಚಿಗುರಲಿ ಎಂಬ ಹಾರೈಕೆ ಅದರಲ್ಲಿದೆ.

ಇದು ಬರಹಗಾರರ ಸೀಮೆಯೂ ಹೌದು. ದಕ್ಷಿಣಕ್ಕಿರುವ ಕೋಟದಲ್ಲಿ 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದರು. ಉತ್ತರಕ್ಕಿರುವ ಮೊಗೇರಿಯಲ್ಲಿ 1918ರಲ್ಲಿ ಗೋಪಾಲಕೃಷ್ಣ ಅಡಿಗರು ಹುಟ್ಟಿದರು. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳಿಗೆ ಮೇಷ್ಟ್ರುಗಳು ಈ ಇಬ್ಬರ ಹೆಸರನ್ನು ತಪ್ಪದೆ ಹೇಳುತ್ತಾರೆ. ಆದರೆ ಇದೇ ದಾರಿಯಲ್ಲಿ ಬರಿಗಾಲಿನಲ್ಲಿ ನಡೆದಾಡಿ, ಮುಂದೆ ಕಡಲಾಚೆಯ ಒಂದು ಭಾಷೆಗೆ ಒಬ್ಬ ದೊಡ್ಡ ಬರಹಗಾರನನ್ನು ಒದಗಿಸಿಕೊಟ್ಟ ಒಬ್ಬ ಪಾದ್ರಿಯ ಕಥೆ ಪಠ್ಯಪುಸ್ತಕಗಳಲ್ಲಿ ಬರುವುದು ಅಪರೂಪ. ಅವರ ಹೆಸರು ಜೋಸೆಫ್ ವಾಜ್.

ಕೋಟೇಶ್ವರದಿಂದ ಕುಂದಾಪುರ ಪೇಟೆಗೆ ಬಂದರೆ ಊರಿನ ಮೂರು ಕಡೆಯೂ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಈ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಕಡಲಿಗೆ ಇಳಿಯುವುದು ಇಲ್ಲಿಯೇ. ಆಚೆ ದಡದಲ್ಲಿ ಗಂಗೊಳ್ಳಿ. ಒಳನಾಡಿನ ಕಡೆಗೆ ಹೊಳೆಯ ದಂಡೆಯಲ್ಲೇ ಹಳೆಯ ಬಂದರು ಬಸರೂರು. ಒಂದು ಕಾಲಕ್ಕೆ ಬಸರೂರಿನ ಅಕ್ಕಿಗಾಗಿ ಅರಬರು, ಪೋರ್ಚುಗೀಸರು ಹಡಗು ತಂದು ಕಾಯುತ್ತಿದ್ದರು. ಗೋವೆಯ ಅನ್ನದ ಬಟ್ಟಲು ತುಂಬುತ್ತಿದ್ದುದೇ ಈ ಕರಾವಳಿಯ ಗದ್ದೆಗಳಿಂದ. ವ್ಯಾಪಾರದ ಹಿಂದೆ ಕೋಟೆ, ಕೋಟೆಯ ಹಿಂದೆ ಇಗರ್ಜಿ ಬಂದವು. ಕುಂದಾಪುರದ ರೋಜರಿ ಮಾತೆಯ ಇಗರ್ಜಿ 1570ರಷ್ಟು ಹಳೆಯದೆಂದು ಅದರ ಪರಂಪರೆ ಹೇಳುತ್ತದೆ. 2012ರಲ್ಲಿ ಉಡುಪಿ ಧರ್ಮಪ್ರಾಂತ ಬೇರೆಯಾಗಿ ರಚನೆಯಾದ ಮೇಲೆ ಅದು ಈ ಪ್ರಾಂತದ ಹಿರಿಯ ಇಗರ್ಜಿಗಳಲ್ಲಿ ಒಂದಾಗಿ ನಿಂತಿದೆ.

ಇಂದಿನ ಕಟ್ಟಡ ಆ ಕಾಲದ್ದಲ್ಲ. 1784ರಲ್ಲಿ ಟಿಪ್ಪುವಿನ ಸೇನೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಕರಾವಳಿಯ ಬಹುಪಾಲು ಇಗರ್ಜಿಗಳು ನೆಲಕ್ಕುರುಳಿದವು. 1799ರ ಬಳಿಕ ಬದುಕಿ ಮರಳಿದವರು ಮತ್ತೆ ಕಟ್ಟಿಕೊಂಡರು. ಹೀಗಾಗಿ ಇಲ್ಲಿ ಹುಡುಕಬೇಕಾದುದು ಕಲ್ಲಿನ ಗೋಡೆಗಳನ್ನಲ್ಲ, ಜನರ ನೆನಪನ್ನು. ವಾರ್ಷಿಕ ಹಬ್ಬಕ್ಕೆ ಇಲ್ಲಿನ ಕೊಂಕಣಿ ಕ್ರೈಸ್ತರು ಇಟ್ಟುಕೊಂಡ ಹೆಸರು ‘ತೆರಾಲಿ’. ಕೋಟೇಶ್ವರದ ತೇರನ್ನು ಕಂಡು ಬಂದವರ ಕಿವಿಗೆ ಆ ಪದ ಪರಕೀಯವೆನಿಸುವುದಿಲ್ಲ. ಒಂದೇ ಮಣ್ಣಿನಲ್ಲಿ ಬಾಳಿದವರ ನಾಲಿಗೆಗೆ ಒಂದೇ ರುಚಿ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆಣಾವ್ಲಿಯಲ್ಲಿ. ಮನೆಮಾತು ಕೊಂಕಣಿ. ಪೋರ್ಚುಗೀಸ್, ಲ್ಯಾಟಿನ್ ಕಲಿತು 1676ರಲ್ಲಿ ಗುರುದೀಕ್ಷೆ ಪಡೆದರು. ಹುಡುಗರಿಗೆ ಲ್ಯಾಟಿನ್ ಹೇಳಿಕೊಡುವ ಒಂದು ಶಾಲೆಯನ್ನೂ ತೆರೆದರು. ಐದು ವರ್ಷಗಳ ಬಳಿಕ, 1681ರಲ್ಲಿ, ಗೋವೆಯ ಆರ್ಚ್‌ಬಿಷಪ್ಪರ ಪ್ರತಿನಿಧಿಯಾಗಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು. ಆಗ ಅವರಿಗೆ ಮೂವತ್ತು ವರ್ಷ. ಈ ನಾಡು ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರಿಸಿದ ರಾಣಿ ಈಕೆಯೇ.

ವಾಜ್ ಬಂದಾಗ ಕೆನರಾದ ಕ್ರೈಸ್ತರು ಎರಡಾಗಿ ಒಡೆದಿದ್ದರು. ಒಂದು ಕಡೆ ಪೋರ್ಚುಗಲ್ ದೊರೆಯ ಹಕ್ಕನ್ನು ಹಿಡಿದ ಗೋವೆಯ ಧರ್ಮಪೀಠ. ಇನ್ನೊಂದು ಕಡೆ ರೋಮಿನಿಂದ ನೇರವಾಗಿ ನೇಮಕಗೊಂಡ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ. ಯಾರ ಮಾತು ನಡೆಯಬೇಕು, ಯಾರು ಕೊಟ್ಟ ಸಂಸ್ಕಾರ ಸಿಂಧು ಎಂಬ ಜಗಳ ಇಗರ್ಜಿಯ ಬಾಗಿಲಿನವರೆಗೂ ಬಂದಿತ್ತು. ಗೋವೆಯ ಪ್ರತಿನಿಧಿಯಾಗಿದ್ದೂ ವಾಜ್ ಜಗಳದ ಉರಿಗೆ ಎಣ್ಣೆ ಹೊಯ್ಯಲಿಲ್ಲ. ಎರಡು ಕಡೆಯವರನ್ನೂ ಕೂಡಿಸಲು ಯತ್ನಿಸಿದರು. ಕುಂದಾಪುರ, ಗಂಗೊಳ್ಳಿ, ಬಸರೂರು, ಕಲ್ಯಾಣಪುರಗಳ ನಡುವೆ ನಡೆದಾಡಿ ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಸಣ್ಣ ಶಾಲೆಗಳನ್ನು ತೆರೆದರು, ಭಕ್ತರ ಕೂಟಗಳನ್ನು ಕಟ್ಟಿದರು.

ಅವರು ಪ್ರಾರ್ಥನೆಯಲ್ಲಿ ಮುಳುಗಿದ್ದಾಗ ನೆಲದಿಂದ ಮೇಲೆದ್ದಿದ್ದರು ಎಂಬ ಕಥೆಯನ್ನು ಕುಂದಾಪುರದ ಭಕ್ತರು ಇಂದಿಗೂ ಹೇಳುತ್ತಾರೆ. ಬಂಟ್ವಾಳದ ಕಡೆಯ ಮುಡಿಪು ಗುಡ್ಡದಲ್ಲಿ ಅವರು ಊರಿದ ಕೋಲಿನಿಂದ ನೀರು ಚಿಮ್ಮಿತೆಂಬ ನಂಬಿಕೆಯೂ ಇದೆ. ಅದು ಭಕ್ತಿಯ ಲೆಕ್ಕ. ಚರಿತ್ರೆಯ ಲೆಕ್ಕದಲ್ಲಿ ಉಳಿಯುವ ಸಂಗತಿಯೇ ಸಾಕಷ್ಟು ದೊಡ್ಡದು: ಒಡೆದ ಮನೆಯೊಂದಕ್ಕೆ ಬಂದ ಯುವಕನೊಬ್ಬ ಮೂರು ವರ್ಷ ಯಾರನ್ನೂ ಗೆಲ್ಲಲು ಹೋಗದೆ ಎಲ್ಲರ ಕೆಲಸ ಮಾಡಿದ.

1684ರಲ್ಲಿ ವಾಜ್ ಗೋವೆಗೆ ಮರಳಿದರು. ಅಲ್ಲಿ ದೇಶೀ ಪಾದ್ರಿಗಳೇ ಸೇರಿ ಕಟ್ಟಿದ ಒರೆಟರಿ ಎಂಬ ಸಂಘಕ್ಕೆ ಮುಖ್ಯಸ್ಥರಾದರು. ಆದರೆ ಅವರ ಮನಸ್ಸು ಶ್ರೀಲಂಕೆಯ ಕಡೆಗಿತ್ತು. 1658ರಲ್ಲಿ ಜಾಫ್ನಾ ಡಚ್ಚರ ಕೈಸೇರಿದ ಮೇಲೆ ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶವಿರಲಿಲ್ಲ. ಸಿಕ್ಕಿಬಿದ್ದರೆ ಶಿಕ್ಷೆ. 1686ರಲ್ಲಿ ಅವರು ಗೋವೆ ಬಿಟ್ಟು ಮತ್ತೆ ಕೆನರಾದ ದಾರಿಯಲ್ಲೇ ದಕ್ಷಿಣಕ್ಕೆ ನಡೆದರು. 1687ರಲ್ಲಿ ಕೂಲಿಯವನ ವೇಷದಲ್ಲಿ ಜಾಫ್ನಾ ತಲುಪಿದರು. ಜೊತೆಗಿದ್ದವನು ಜಾನ್ ಎಂಬ ಸೇವಕ ಹುಡುಗ ಮಾತ್ರ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಅವರನ್ನು ಸೆರೆಯಲ್ಲಿಟ್ಟರು. ವಾಜ್ ಆ ಬಂಧನದ ಕಾಲವನ್ನು ಸಿಂಹಳ ಕಲಿಯಲು ಬಳಸಿಕೊಂಡರು. ಮುಂದೆ 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದು ಜನ ಊರು ಬಿಟ್ಟು ಓಡಿದಾಗ, ಅವರು ಓಡಲಿಲ್ಲ. ರೋಗಿಗಳಿಗೆ ಗಂಜಿ ಕೊಟ್ಟು, ಸತ್ತವರನ್ನು ಹೂಳುತ್ತಾ ಅಲ್ಲಿಯೇ ಉಳಿದರು. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಗೌರವದಿಂದ ಕಂಡ. ಬಿಷಪ್ ಪದವಿಯ ಮಾತು ಬಂದಾಗ ಬೇಡವೆಂದರು. ತಮ್ಮ ಸ್ಥಾನ ಏರುವುದಕ್ಕಿಂತ ತಮ್ಮ ನಂತರ ಕೆಲಸ ಮುಂದುವರಿಯುವುದು ಅವರಿಗೆ ಮುಖ್ಯವಾಗಿತ್ತು.

ಆ ಕೆಲಸಕ್ಕೆ ಬೇಕಾದವನು 1705ರಲ್ಲಿ ಬಂದ. ಹೆಸರು ಜಾಕೊಮೆ ಗೊನ್ಸಾಲ್ವಿಸ್, ಗೋವೆಯ ದಿವಾಡಿಯವನು, ವಯಸ್ಸು ಇಪ್ಪತ್ತೊಂಬತ್ತು. ಚುರುಕು ಬುದ್ಧಿ, ಭಾಷೆಗಳಲ್ಲಿ ಒಲವು. ಪಾದ್ರಿಗಳ ಸಂಖ್ಯೆ ಬೆರಳೆಣಿಕೆಯಷ್ಟಿದ್ದ ಆ ದಿನಗಳಲ್ಲಿ ಹಳ್ಳಿಹಳ್ಳಿ ಸುತ್ತಲು ಒಂದೊಂದು ಜೊತೆ ಕಾಲೂ ಬೇಕಿತ್ತು. ಅಂಥ ಹೊತ್ತಿನಲ್ಲಿ ವಾಜ್ ಈ ಯುವಕನನ್ನು ಸಿಂಹಳವನ್ನು ಆಳವಾಗಿ ಕಲಿಯಲು ಕ್ಯಾಂಡಿಗೆ ಕಳುಹಿಸಿದರು. ಬೀದಿಯ ಮಾತಷ್ಟೇ ಸಾಲದು, ವಿದ್ವಾಂಸರು ತಲೆದೂಗುವ ಸಿಂಹಳ ಬರಬೇಕು ಎಂಬುದು ಅವರ ಆಸೆ. ಹೊಟ್ಟೆಗೇ ಕಷ್ಟವಿರುವ ಮನೆಯಲ್ಲಿ ಒಬ್ಬ ಮಗನನ್ನು ಓದಲು ಬಿಡುವ ತಾಯಿತಂದೆಯರಿಗೆ ಆ ತೀರ್ಮಾನದ ಭಾರ ಏನೆಂದು ಗೊತ್ತು.

ಗೊನ್ಸಾಲ್ವಿಸ್ ಆ ನಂಬಿಕೆಯನ್ನು ಉಳಿಸಿಕೊಂಡರು. ಸಿಂಹಳ, ತಮಿಳು, ಪೋರ್ಚುಗೀಸ್ ಭಾಷೆಗಳಲ್ಲಿ ಸುಮಾರು ನಲವತ್ತು ಕೃತಿಗಳನ್ನು ರಚಿಸಿದರು. ನಿಘಂಟುಗಳು, ಪ್ರವಚನಗಳು, ಹಾಡುಗಳು, ಯೇಸುವಿನ ಯಾತನೆಯ ಕಥನಗಳು, ‘ದೇವ ವೇದ ಪುರಾಣಯ’ದಂಥ ದೊಡ್ಡ ಗದ್ಯಗ್ರಂಥ ಇವೆಲ್ಲ ಅವುಗಳಲ್ಲಿ ಸೇರಿವೆ. ಸಿಂಹಳದಲ್ಲಿ ಅಚ್ಚುಕೂಟ ಆರಂಭವಾದದ್ದು 1737ರಲ್ಲಿ, ಅದೂ ಕೊಲಂಬೊದ ಡಚ್ಚರ ಕೈಯಲ್ಲಿ. ಆದುದರಿಂದ ಇವರ ಪುಸ್ತಕಗಳು ತಾಳೆಗರಿಯ ಮೇಲೆ ಕಂಟದಿಂದ ಬರೆಸಿಕೊಂಡು, ಕೈಯಿಂದ ಕೈಗೆ ನಕಲಾಗಿ ಹರಡಿದವು. ಮೀನುಗಾರರ ಕೇರಿಗಳಲ್ಲಿ ಪಾದ್ರಿ ಬಾರದ ತಿಂಗಳುಗಳಲ್ಲೂ ಆ ಓಲೆಗಳನ್ನು ಓದಿ ಜನ ತಮ್ಮ ನಂಬಿಕೆಯನ್ನು ಉಳಿಸಿಕೊಂಡರು. ಶ್ರೀಲಂಕೆಯ ಕ್ಯಾಥೊಲಿಕ್ ಸಾಹಿತ್ಯದ ಜನಕ ಎಂದು ಅವರನ್ನು ಕರೆಯುವುದು ಈ ಕಾರಣಕ್ಕೆ.

ಅವರು ಬರೆದದ್ದೆಲ್ಲ ಸೌಹಾರ್ದದ ಮಾತೇನೂ ಅಲ್ಲ. ಬೌದ್ಧ ಧರ್ಮವನ್ನು ಖಂಡಿಸಿದ, ಡಚ್ಚರ ಮತದೊಡನೆ ವಾದಕ್ಕಿಳಿದ ಪುಸ್ತಕಗಳೂ ಇವೆ. ಆಶ್ರಯ ಕೊಟ್ಟ ಅರಸನ ನಾಡಿನಲ್ಲಿ ಅಂಥ ಬರಹ ನೋವುಂಟುಮಾಡದೆ ಇರಲಿಲ್ಲ. ನಂತರದ ದಿನಗಳಲ್ಲಿ ಕ್ಯಾಂಡಿಯಲ್ಲಿ ಕ್ಯಾಥೊಲಿಕರಿಗೆ ಆಶ್ರಯ ತಪ್ಪಿತು. ನಂಬಿಕೆ ಬರಹಕ್ಕೆ ಬಲ ಕೊಡುತ್ತದೆ, ಕೆಲವೊಮ್ಮೆ ಮೊನಚನ್ನೂ ಕೊಡುತ್ತದೆ. ವಾಜ್ ಸಿಡುಬಿನ ದಿನಗಳಲ್ಲಿ ಗಳಿಸಿದ ಪ್ರೀತಿಯನ್ನು ವಾದದ ಪುಸ್ತಕಗಳು ಹೆಚ್ಚಿಸಲಿಲ್ಲ ಎಂಬುದನ್ನು ಓದುವ ಮಕ್ಕಳು ತಿಳಿದಿರುವುದು ಒಳ್ಳೆಯದು.

ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಗೋವೆಗೆ ಒಮ್ಮೆಯೂ ಮರಳಿರಲಿಲ್ಲ. ತಮ್ಮ ಶಿಷ್ಯನ ದೊಡ್ಡ ಕೃತಿಗಳಲ್ಲಿ ಹೆಚ್ಚಿನವನ್ನು ಅವರು ನೋಡಲಿಲ್ಲ. ಗೊನ್ಸಾಲ್ವಿಸ್ 1742ರವರೆಗೆ ಬದುಕಿ ಬರೆದರು. ಗುರು–ಶಿಷ್ಯರು ಜೊತೆಗಿದ್ದುದು ಆರೇ ವರ್ಷ. ಆ ಆರು ವರ್ಷಗಳ ಒತ್ತಾಸೆ ಮೂವತ್ತು ವರ್ಷಗಳ ಬರವಣಿಗೆಗೆ ಸಾಲಿತು.

ಕನ್ನಡಕ್ಕೂ ಇಂಥ ಒತ್ತಾಸೆಯ ಋಣವಿದೆ, ಅದೂ ಇದೇ ಕರಾವಳಿಯಿಂದ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು. ಮುಂದೆ ಅವರು ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಲು ಹೊರಟಾಗ ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣ ಕೊಟ್ಟರು. ಹಾಗೆ 1848ರಿಂದ ಕೆಲವು ವರ್ಷಗಳ ಕಾಲ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಹೊರಬಂದವು. ಕ್ರೈಸ್ತ ಪಾದ್ರಿಯೊಬ್ಬರು ಹರಿದಾಸರ ಪದಗಳನ್ನು ಕೂಡಿಹಾಕಿದ್ದು, ಕ್ರೈಸ್ತ ನ್ಯಾಯಾಧೀಶರೊಬ್ಬರು ಅದಕ್ಕೆ ದುಡ್ಡು ತೆತ್ತದ್ದು ಸಣ್ಣ ಸಂಗತಿಯಲ್ಲ. ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾದಾಗ, ಅದರ ಹಿಂದೆಯೂ ದಶಕಗಳ ತಾಳ್ಮೆ ಇತ್ತು.

ಜೋಸೆಫ್ ವಾಜ್ ಅವರನ್ನು 1995ರ ಜನವರಿಯಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಕೊಲಂಬೊದಲ್ಲಿ ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ನಗರದ ಕಡಲದಂಡೆಯ ಮೈದಾನದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಶ್ರೀಲಂಕೆಗೆ ಅವರು ಮೊದಲ ಸಂತ. ಕುಂದಾಪುರಕ್ಕೆ ಅವರು ಇಲ್ಲಿ ಓಡಾಡಿದ ಮನೆಮನುಷ್ಯ.

ಈ ಸ್ಥಳಗಳನ್ನೆಲ್ಲ ನೋಡಲು ಒಂದು ದಿನ ಸಾಕು. ಬೆಳಿಗ್ಗೆ ಕೋಟೇಶ್ವರದ ದೇವಾಲಯ ಮತ್ತು ಕೆರೆ, ನಂತರ ಕುಂದಾಪುರದ ರೋಜರಿ ಇಗರ್ಜಿ, ಮಧ್ಯಾಹ್ನ ಬಸರೂರು, ಸಂಜೆ ಹೊಳೆಯನ್ನು ಬಳಸಿ ಮರವಂತೆ, ತ್ರಾಸಿಯ ಮೇಲಿಂದ ಗಂಗೊಳ್ಳಿ. ಕ್ಯಾಮೆರಾಕ್ಕೆ ಸಿಗುವಂಥ ವಾಜ್ ಕಾಲದ ಗುರುತುಗಳು ಕಡಿಮೆ. ಆದರೆ ಹೊಳೆಗಳು ಅವೇ, ಕಡಲು ಅದೇ.

ಕಥೆ, ಕವಿತೆ ಗೀಚುವ ಮಗನನ್ನೋ ಮಗಳನ್ನೋ ಕಂಡು ‘ಇದರಿಂದ ಹೊಟ್ಟೆ ತುಂಬುತ್ತದೆಯೇ’ ಎಂದು ಕೇಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಕೇಳುವುದು ತಪ್ಪೂ ಅಲ್ಲ. ಹೊಟ್ಟೆಯ ಚಿಂತೆ ದೊಡ್ಡದು. ಆದರೆ ಕೈಗಳು ಸಾಲದಿದ್ದ ಹೊತ್ತಿನಲ್ಲಿ ವಾಜ್ ಒಬ್ಬನನ್ನು ಕೂತು ಕಲಿಯಲು ಬಿಟ್ಟದ್ದರಿಂದ ಒಂದು ನಾಡಿನ ಜನಕ್ಕೆ ತಮ್ಮದೇ ಮಾತಿನಲ್ಲಿ ಪ್ರಾರ್ಥಿಸುವ ಪುಸ್ತಕಗಳು ಸಿಕ್ಕವು. ಬರೆಯುವವನ ಹೆಸರು ಪುಸ್ತಕದ ಮೇಲೆ ಉಳಿಯುತ್ತದೆ. ‘ನೀನು ಕಲಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎಂದು ಮೊದಲು ಬೆನ್ನು ತಟ್ಟಿದವರ ಹೆಸರನ್ನು ಹುಡುಕಿ ತೆಗೆಯಬೇಕಾಗುತ್ತದೆ. ಕುಂದಾಪುರದ ಹೊಳೆದಂಡೆಯಲ್ಲಿ ಅಂಥ ಒಂದು ಹೆಸರು ಸಿಗುತ್ತದೆ.