ಒಂದೇ ಬೆರಳಿನ ಹಕ್ಕಿಯ ಊರಿನಲ್ಲಿ

ವಿಯೆಟ್ನಾಂ ದೇಶದ ರಾಜಧಾನಿ ಹನೋಯ್‌ನಲ್ಲಿ ರಸ್ತೆ ದಾಟಲು ಧೈರ್ಯಕ್ಕಿಂತ ಹದ ಮುಖ್ಯ. ಬೈಕುಗಳು ನಿಲ್ಲಲಿ ಎಂದು ಕಾಯುತ್ತಾ ನಿಂತರೆ ಸಂಜೆಯಾದರೂ ಆಚೆ ಬದಿ ಸೇರುವುದಿಲ್ಲ. ಮೆಲ್ಲಗೆ ರಸ್ತೆಗೆ ಇಳಿಯಬೇಕು, ಒಂದೇ ಸಮನಾಗಿ ನಡೆಯಬೇಕು. ಓಡಬಾರದು, ಗಕ್ಕನೆ ನಿಲ್ಲಬಾರದು. ಆಗ ಬೈಕುಗಳು ಬಂಡೆಯನ್ನು ಬಳಸುವ ಹೊಳೆಯ ಹಾಗೆ ನಮ್ಮ ಎರಡೂ ಬದಿಯಿಂದ ಹರಿದು ಹೋಗುತ್ತವೆ. “ಅಜ್ಜಿ, ಇದು ಥೇಟ್ ಫ್ಲಾಪಿ ಬರ್ಡ್!” ಎಂದ ಮೊಮ್ಮಗ, ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು.

ಆ ಆಟ ಹುಟ್ಟಿದ್ದೂ ಇದೇ ಊರಿನಲ್ಲಿ. ಮಕ್ಕಳಿಗೆ ಅದನ್ನು ವಿವರಿಸಬೇಕಿಲ್ಲ. ಅಜ್ಜ ಅಜ್ಜಿಯರಿಗಾಗಿ ಹೇಳುತ್ತೇನೆ. ಫೋನಿನ ಪರದೆಯ ಮೇಲೆ ಒಂದು ಪುಟ್ಟ ಹಕ್ಕಿ. ಅದು ತಾನಾಗಿಯೇ ಮುಂದೆ ಹೋಗುತ್ತಿರುತ್ತದೆ. ಬೆರಳಿನಿಂದ ಒಮ್ಮೆ ತಟ್ಟಿದರೆ ಮೇಲಕ್ಕೆ ಪುಟಿಯುತ್ತದೆ, ಸುಮ್ಮನಿದ್ದರೆ ಕೆಳಗೆ ಬೀಳುತ್ತದೆ. ಎದುರಿಗೆ ಹಸಿರು ಕೊಳವೆಗಳು, ಅವುಗಳ ನಡುವೆ ಕಿಂಡಿ. ಒಂದು ಕಿಂಡಿ ದಾಟಿದರೆ ಒಂದು ಅಂಕ. ಕೊಳವೆಗೆ ತಗುಲಿದರೆ ಆಟ ಮುಗಿಯಿತು, ಮತ್ತೆ ಸೊನ್ನೆಯಿಂದ ಶುರು.

ಇದನ್ನು ಮಾಡಿದವರು ನ್ಯುಯೆನ್ ಹಾ ಡಾಂಗ್. ಹೊರಗಿನವರಿಗೆ ಡಾಂಗ್ ನ್ಯುಯೆನ್ ಎಂದರೆ ಗೊತ್ತು. ವಿಯೆಟ್ನಾಮಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅವರು ಬೆಳೆದದ್ದು ನಗರದ ಅಂಚಿನ ವಾನ್ ಫುಕ್ ಎಂಬ ರೇಷ್ಮೆ ಹಳ್ಳಿಯಲ್ಲಿ. ಆ ಹಳ್ಳಿ ಇರುವ ಪ್ರದೇಶದ ಹೆಸರೂ ಹಾ ಡಾಂಗ್! ಚಿಕ್ಕಂದಿನಲ್ಲಿ ಮಾರಿಯೋ ಆಡಿ ಬೆಳೆದ ಹುಡುಗ. ೨೦೧೩ರಲ್ಲಿ, ಕೆಲವೇ ದಿನಗಳಲ್ಲಿ ಈ ಆಟ ಬರೆದು ಮುಗಿಸಿದರು. ಟೇಬಲ್ ಟೆನಿಸ್ ಬ್ಯಾಟಿನ ಮೇಲೆ ಚೆಂಡನ್ನು ಬೀಳಿಸದೆ ಪುಟಿಸುತ್ತಾ ಇರುವುದೇ ಅದಕ್ಕೆ ಮೂಲ.

ಹೋವಾನ್ ಕೀಮ್ ಕೆರೆಯ ದಡಕ್ಕೆ ಬೆಳಿಗ್ಗೆ ಹೋದರೆ ಇಂಥ ಆಟವನ್ನು ಕಣ್ಣಾರೆ ನೋಡಬಹುದು. ಅಲ್ಲಿ ಗರಿ ಕಟ್ಟಿದ ಬಿಲ್ಲೆಯೊಂದನ್ನು ಕಾಲಿನಿಂದ ಒದ್ದು ಒದ್ದು ಗಾಳಿಯಲ್ಲೇ ಇರಿಸುತ್ತಾರೆ. ‘ದಾ ಕಾವ್’ ಎನ್ನುತ್ತಾರೆ ಅದಕ್ಕೆ. ನನ್ನ ವಯಸ್ಸಿನವರೂ ಆಡುತ್ತಾರೆ, ಮತ್ತು ಚೆನ್ನಾಗಿಯೇ ಆಡುತ್ತಾರೆ! ನಿಯಮ ಒಂದೇ: ನೆಲಕ್ಕೆ ಬೀಳಿಸಬಾರದು.

ಒಂದೇ ಗುಂಡಿಯ ಆಟ ಮಾಡುವುದು ಸುಲಭ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ನಿಜವಾದ ಕಷ್ಟ ಇರುವುದು ಬಿಡುವುದರಲ್ಲಿ. ಎಡಕ್ಕೆ, ಬಲಕ್ಕೆ, ಹಾರು, ಹೊಡೆ ಎಂದು ನಾಲ್ಕಾರು ಗುಂಡಿಗಳಿದ್ದರೆ ಆಟಗಾರನಿಗೆ ಕೆಲಸ ಹಂಚಬಹುದು. ಒಂದೇ ಇದ್ದಾಗ ಉಳಿದದ್ದನ್ನೆಲ್ಲ ಆಟವೇ ಮಾಡಿಕೊಳ್ಳಬೇಕು. ಅದಕ್ಕೇ ಹಕ್ಕಿ ತಾನಾಗಿ ಮುಂದೆ ಹೋಗುವುದು. ಆಟಗಾರನ ಪಾಲಿಗೆ ಉಳಿಯುವುದು ‘ಯಾವಾಗ?’ ಎಂಬ ಪ್ರಶ್ನೆ ಮಾತ್ರ. ಹಕ್ಕಿ ಬೀಳುತ್ತಾ ಬೀಳುತ್ತಾ ವೇಗ ಹೆಚ್ಚುತ್ತದೆ, ಮರದಿಂದ ಬಿದ್ದ ಮಾವಿನಕಾಯಿಯಂತೆ. ಹಾಗಾಗಿ ಒತ್ತದೆ ಇರುವುದೂ ಇಲ್ಲಿ ಒಂದು ನಡೆಯೇ. ಜರ್ಮನಿಯ ಆಂಡ್ರಿಯಾಸ್ ಇಲ್ಲಿಗರ್ ೨೦೧೧ರಲ್ಲಿ ಮಾಡಿದ ‘ಟೈನಿ ವಿಂಗ್ಸ್’ ಆಟದಲ್ಲಿ ಇನ್ನೊಂದು ಉಪಾಯವಿದೆ. ಬೆರಳು ಒತ್ತಿ ಹಿಡಿದರೆ ಹಕ್ಕಿ ಭಾರವಾಗಿ ಗುಡ್ಡದ ಇಳಿಜಾರಿನಲ್ಲಿ ಜಾರುತ್ತದೆ, ಬಿಟ್ಟರೆ ಏರಿನಲ್ಲಿ ಚಿಮ್ಮುತ್ತದೆ. ಗುಂಡಿ ಒಂದೇ, ಆದರೆ ಒತ್ತುವುದು, ಹಿಡಿಯುವುದು, ಬಿಡುವುದು ಮೂರೂ ಬೇರೆ ಬೇರೆ.

ಒಂದೇ ಗುಂಡಿಯಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಕೈಕಾಲು ಆಡಿಸಲಾಗದ, ಒಂದು ಬೆರಳನ್ನೋ ಗಲ್ಲವನ್ನೋ ಮಾತ್ರ ಅಲುಗಿಸಬಲ್ಲ ಮಕ್ಕಳೂ ಒಂದು ಸ್ವಿಚ್ ಒತ್ತಿ ಆಡಬಹುದು. ಇಂಗ್ಲೆಂಡಿನ ಸ್ಪೆಷಲ್ ಎಫೆಕ್ಟ್ ಎಂಬ ಸೇವಾ ಸಂಸ್ಥೆ ಅಂಗವಿಕಲರಿಗೆ ಹೀಗೆ ವಿಡಿಯೊ ಗೇಮ್ ಆಡಲು ನೆರವಾಗುತ್ತದೆ. ಆದರೆ ಅಂಥವರಿಗೆ ಫ್ಲಾಪಿ ಬರ್ಡ್‌ನ ಕಿಂಡಿ ತೀರಾ ಇಕ್ಕಟ್ಟು. ಗುಂಡಿ ಒಂದಾದರೆ ಸಾಲದು, ಕಾಲಾವಕಾಶವನ್ನೂ ಸಡಿಲ ಬಿಡಬೇಕು. ನಡುಗುವ ಕೈಯ ಅಜ್ಜಂದಿರಿಗೂ ಇದು ಅನ್ವಯಿಸುತ್ತದೆ.

ವಾನ್ ಫುಕ್‌ಗೆ ಹೋಗಲು ಕಾತ್ ಲಿನ್ ನಿಲ್ದಾಣದಿಂದ ಹಾ ಡಾಂಗ್ ಕಡೆಯ ಮೆಟ್ರೊ ಹಿಡಿದೆವು. ೨೦೨೧ರಲ್ಲಿ ಶುರುವಾದ ಈ ಮಾರ್ಗ ೧೩ ಕಿಲೋಮೀಟರ್ ಉದ್ದ, ೧೨ ನಿಲ್ದಾಣ. ರೈಲಿನಲ್ಲಿ ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದವರೇ ಹೆಚ್ಚು. ಡಾಂಗ್ ತಮ್ಮ ಆಟವನ್ನು ರೂಪಿಸಿದ್ದು ಹೀಗೆ ನಿಂತು ಆಡುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ, ಈ ಮಾರ್ಗ ಶುರುವಾಗುವುದಕ್ಕೆ ವರ್ಷಗಳ ಮೊದಲು.

ಹಳ್ಳಿಯ ಓಣಿಯ ಮೇಲೆ ಬಣ್ಣಬಣ್ಣದ ಕೊಡೆಗಳನ್ನು ತೋರಣದಂತೆ ಕಟ್ಟಿದ್ದಾರೆ. ಇಕ್ಕೆಲದಲ್ಲೂ ರೇಷ್ಮೆ ಅಂಗಡಿಗಳು. ಒಳಗಿನಿಂದ ಮಗ್ಗದ ಲಟಕ್ ಪಟಕ್ ಸದ್ದು. ಮಗ್ಗದ ಮೇಲ್ಗಡೆ ತೂತು ಕೊರೆದ ರಟ್ಟುಗಳ ಮಾಲೆ ತಿರುಗುತ್ತಿತ್ತು. ತೂತಿದ್ದರೆ ನೂಲು ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟರಿಂದಲೇ ಸೀರೆಯ ಅಂಚಿನಂಥ ಹೂಬಳ್ಳಿ ಮೂಡುತ್ತದೆ. ಮೊಮ್ಮಗ ಅದರ ಮುಂದಿನಿಂದ ಕದಲಲೇ ಇಲ್ಲ.

ಈ ಊರಿನ ಹುಡುಗನ ಆಟ ೨೦೧೪ರ ಜನವರಿಯಲ್ಲಿ ಜಗತ್ತಿನಾದ್ಯಂತ ಮೊದಲ ಸ್ಥಾನಕ್ಕೇರಿತು. ಜಾಹೀರಾತಿನಿಂದ ದಿನಕ್ಕೆ ಸುಮಾರು ೫೦,೦೦೦ ಡಾಲರ್ ಬರುತ್ತಿತ್ತಂತೆ. ಮನೆಯ ಮುಂದೆ ಪತ್ರಕರ್ತರ ದಂಡು. ಜೊತೆಗೆ ಬೇರೆ ಸುದ್ದಿಗಳೂ ಬಂದವು: ಶಾಲೆಯಲ್ಲಿ ಫೋನು ಒಡೆದುಕೊಂಡ ಮಕ್ಕಳು, ಆಟದ ಗುಂಗಿನಲ್ಲಿ ಮಕ್ಕಳ ಜೊತೆ ಮಾತನ್ನೇ ಬಿಟ್ಟ ತಾಯಿ. ಕೆಲವು ನಿಮಿಷ ಹಗುರಾಗಲೆಂದು ಮಾಡಿದ ಆಟ ಚಟವಾಗಿದೆ ಎಂದು ಡಾಂಗ್ ಹೇಳಿದರು. ಫೆಬ್ರುವರಿಯಲ್ಲಿ, ಇನ್ನು ೨೨ ಗಂಟೆಗಳಲ್ಲಿ ತೆಗೆದುಹಾಕುತ್ತೇನೆ ಎಂದು ತಿಳಿಸಿ, ಹೇಳಿದಂತೆಯೇ ತೆಗೆದುಬಿಟ್ಟರು. ಆಗ ಅವರಿಗೆ ೨೮ ವರ್ಷ. ಅವರು ಸೋತರು ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಅವರು ಆಟ ಮಾಡುವುದನ್ನೇನೂ ಬಿಡಲಿಲ್ಲ. ಅದೇ ವರ್ಷ ‘ಸ್ವಿಂಗ್ ಕಾಪ್ಟರ್ಸ್’ ಬಂತು, ಅದೂ ಒಂದೇ ಬೆರಳಿನದು. ೨೦೧೫ರ ಡಿಸೆಂಬರಿನಲ್ಲಿ ಹನೋಯ್‌ಗೆ ಬಂದ ಗೂಗಲ್‌ನ ಸುಂದರ್ ಪಿಚೈ ಅವರು ಡಾಂಗ್ ಜೊತೆ ಬೀದಿಬದಿಯ ಅಂಗಡಿಯಲ್ಲಿ ಕುಳಿತು ಮಾತಾಡಿದರು. ಇಲ್ಲಿ ಅಂಥ ಅಂಗಡಿಗಳಲ್ಲಿ ನಮ್ಮ ಮಣೆಗಿಂತ ತುಸುವೇ ಎತ್ತರದ ಪ್ಲಾಸ್ಟಿಕ್ ಸ್ಟೂಲುಗಳಿರುತ್ತವೆ. ಮಂಡಿನೋವಿನವರು ಕೂರುವ ಮೊದಲು ಏಳುವುದು ಹೇಗೆಂದು ಯೋಚಿಸಿಕೊಳ್ಳಬೇಕು. ಕುಳಿತವರಿಗೆ ಐಸ್ ಹಾಕಿದ ತಣ್ಣನೆಯ ಚಹಾ ಸಿಗುತ್ತದೆ.